ಮೈದಾನ ಶಾಲೆಯದು, ಹೊಣೆ ಸಂಘದ್ದು

ಹೊಣೆಗಾರಿಕೆ ವಿಮೆಯ ಹಣ ವಿಮೆ ಮಾಡಿಸಿದವರ ಕೈಗೆ ಬರುವಂಥದ್ದಲ್ಲ. ಅವರ ತಪ್ಪಿನಿಂದ ಇನ್ನೊಬ್ಬರಿಗೆ ಏಟು ಬಿದ್ದಾಗ ಅವರ ಪರವಾಗಿ ಆ ಇನ್ನೊಬ್ಬರಿಗೆ ಸಲ್ಲುವಂಥದ್ದು. ಬೈಕು, ಜೀಪು ಇಟ್ಟುಕೊಂಡವರಿಗೆಲ್ಲ ಇದರ ಒಂದು ರೂಪ ಗೊತ್ತೇ ಇದೆ. 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅದೇ ಜಾತಿಯದು. ರಸ್ತೆಗೆ ಅನ್ವಯಿಸುವ ಆ ಲೆಕ್ಕವನ್ನೇ ಶಾಲೆಯ ಮೈದಾನಕ್ಕೆ, ಸಮಾಜದ ಸಭಾಂಗಣಕ್ಕೆ, ಕೆಸರುಗದ್ದೆಗೆ ತಂದರೆ ಅದು ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ, ಏಜೆಂಟರ ಮಾತಿನಲ್ಲಿ ಪಬ್ಲಿಕ್ ಲಯಬಿಲಿಟಿ. ಹಳೆಯ ವಿದ್ಯಾರ್ಥಿಗಳ ಸಂಘಗಳು ಕೊಳ್ಳಬೇಕಾದದ್ದು ಇದನ್ನು.

ಕೊಡಗಿನಲ್ಲಿ ಇಂಥ ಸಂಘಗಳಿಗೆ ಬರವಿಲ್ಲ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು ಮತ್ತು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು, ಗೋಣಿಕೊಪ್ಪಲಿನ ಕಾವೇರಿ ಕಾಲೇಜು, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, 2007ರಲ್ಲಿ ಕೂಡಿಗೆಯಲ್ಲಿ ಆರಂಭವಾದ ಸೈನಿಕ ಶಾಲೆ, ಇಂಥ ಸಂಸ್ಥೆಗಳಲ್ಲಿ ಓದಿದವರು ಸೇನೆಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ಚದುರಿಹೋಗಿ ವರ್ಷಕ್ಕೊಮ್ಮೆ ಊರಿಗೆ ಬಂದು ಸೇರುತ್ತಾರೆ. ಕಾಲೇಜುಗಳ ಮಟ್ಟದಲ್ಲಿ ಇದಕ್ಕೆ ಇನ್ನೊಂದು ಒತ್ತಡವೂ ಉಂಟು. ಬೆಂಗಳೂರಿನಲ್ಲಿ ಕಚೇರಿ ಇರುವ ನ್ಯಾಕ್ ಸಂಸ್ಥೆ ಕಾಲೇಜುಗಳಿಗೆ ದರ್ಜೆ ಕೊಡುವಾಗ ನೋಂದಾಯಿತ ಹಳೆಯ ವಿದ್ಯಾರ್ಥಿ ಸಂಘ ಇದೆಯೇ, ಅದು ಏನು ಕೊಟ್ಟಿದೆ ಎಂದು ಕೇಳುತ್ತದೆ. ಹಾಗಾಗಿ ಅಕ್ಕರೆಯಿಂದ ಹುಟ್ಟಿದ ಸಂಘಗಳ ಪಕ್ಕದಲ್ಲಿ ಅಂಕಕ್ಕಾಗಿ ಹುಟ್ಟಿದ ಸಂಘಗಳೂ ಇವೆ. ಇವೆರಡಕ್ಕೂ ಸೇರದ ಮೂರನೆಯ ಬಗೆ ವಾಟ್ಸಾಪ್ ಗುಂಪು. ಯಾವುದೋ ವರ್ಷದ ಎಸ್ಸೆಸ್ಸೆಲ್ಸಿ ಬ್ಯಾಚಿನವರು ನಾಲ್ಕು ಜನ ಅಡ್ಮಿನ್‌ಗಳ ಓಡಾಟದಲ್ಲಿ ಗುರುವಂದನೆ, ಸ್ನೇಹ ಸಮ್ಮಿಲನ ಏರ್ಪಡಿಸುತ್ತಾರೆ. ಅವರಿಗೆ ಬೈಲಾ ಇಲ್ಲ, ಬ್ಯಾಂಕ್ ಖಾತೆ ಯಾರೋ ಒಬ್ಬರ ಸ್ವಂತದ್ದು. ಕಾನೂನಿನ ಕಣ್ಣಿಗೆ ಅತಿ ಹೆಚ್ಚು ಅಪಾಯದಲ್ಲಿರುವವರು ಇವರೇ.

ಈ ವಿಮೆಯ ವಿಷಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದು ಕಲಿತವರು ಅಮೆರಿಕದ ವಿದ್ಯಾರ್ಥಿ ಭ್ರಾತೃಕೂಟಗಳು. ಅಲ್ಲಿ ಅವನ್ನು ಫ್ರೆಟರ್ನಿಟಿ ಎನ್ನುತ್ತಾರೆ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಳ್ಳುವ ಪದ್ಧತಿ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಫೈ ಬೀಟಾ ಕಪ್ಪಾದಿಂದ ಬಂತು. ವಿದ್ಯಾರ್ಥಿಗಳು ವಾಸಿಸುವ ಫ್ರೆಟರ್ನಿಟಿ ಮನೆ ಎಷ್ಟೋ ಕಡೆ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಹುಡುಗರ ಕುಡಿತದ ಕೂಟದಲ್ಲೋ ಹೊಸಬರನ್ನು ಗೋಳುಹೊಯ್ಯುವ ಆಚರಣೆಯಲ್ಲೋ ಸಾವು ಸಂಭವಿಸಿದರೆ ದಾವೆಯ ನೋಟಿಸು ಮೂವತ್ತು ವರ್ಷಗಳ ಹಿಂದೆ ಪದವಿ ಮುಗಿಸಿದವರ ಆ ಸಂಸ್ಥೆಗೂ ಬರುತ್ತದೆ, ಏಕೆಂದರೆ ಕಟ್ಟಡದ ಒಡೆತನ ಅದರದು. 1980ರ ದಶಕದಲ್ಲಿ ವಿಮಾ ಕಂಪನಿಗಳು ಇವರ ಹೆಸರು ಕೇಳಿದರೆ ಹಿಂದೆ ಸರಿಯುವಷ್ಟು ಪರಿಹಾರದ ಮೊತ್ತ ಏರಿತ್ತು. ಕೊನೆಗೆ 1987ರಲ್ಲಿ ಹಲವು ಫ್ರೆಟರ್ನಿಟಿಗಳು ಸೇರಿ ಒಟ್ಟಾಗಿ ವಿಮೆ ಕೊಳ್ಳುವ ಕೂಟ ಕಟ್ಟಿಕೊಂಡವು. ಕೂಟದ ಷರತ್ತು ಬಿಗಿಯಾಗಿತ್ತು: ಮದ್ಯದ ಬಗ್ಗೆ, ಹೊಸಬರ ಪೀಡನೆಯ ಬಗ್ಗೆ ನಿಯಮ ಪಾಲಿಸಬೇಕು. ಕೊಡಗಿನ ಸಂಘಗಳಿಗೆ ಹಾಸ್ಟೆಲು ಕಟ್ಟಡ ಇಲ್ಲ, ಹೊಸಬರನ್ನು ಸೇರಿಸಿಕೊಳ್ಳುವ ಗುಟ್ಟಿನ ವಿಧಿಯೂ ಇಲ್ಲ. ಆದರೂ ಅಪಾಯ ಇಲ್ಲದಿಲ್ಲ, ಅದರ ಮುಖ ಬೇರೆ ಅಷ್ಟೆ.

ಇಲ್ಲಿ ಹಳೆಯ ವಿದ್ಯಾರ್ಥಿಗಳ ದಿನವೆಂದರೆ ಭಾಷಣ, ಊಟಕ್ಕೆ ಮುಗಿಯುವುದಿಲ್ಲ. ಹಾಕಿ ಇರಬೇಕು, ಹಗ್ಗಜಗ್ಗಾಟ ಇರಬೇಕು. ಮಳೆಗಾಲವಾದರೆ ಕೆಸರುಗದ್ದೆ ಓಟ. ಕೈಲ್ ಮುಹೂರ್ತ ಹಬ್ಬದ ಆಸುಪಾಸಿನಲ್ಲಾದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೊರಗಿನಿಂದ ಬಂದ ಗೆಳೆಯರನ್ನು ದುಬಾರೆಗೋ ಬರಪೊಳೆಗೋ ರ‍್ಯಾಫ್ಟಿಂಗಿಗೆ ಕರೆದೊಯ್ಯುವುದೂ ಉಂಟು. ಶಾಮಿಯಾನದ ಕಂಬ, ಜನರೇಟರಿನ ವೈರು, ಬಾಡಿಗೆಗೆ ತಂದ ಮರದ ಗ್ಯಾಲರಿ, ಐನೂರು ಜನರಿಗೆ ಬೇಯಿಸಿದ ಪಂದಿಕರಿ, ಏಟು ಎಲ್ಲಿಂದ ಬೇಕಾದರೂ ಬೀಳಬಹುದು. 2022ರ ಮಾರ್ಚಿನಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಫುಟ್‌ಬಾಲ್ ಪಂದ್ಯದ ತಾತ್ಕಾಲಿಕ ಗ್ಯಾಲರಿ ಕುಸಿದು ಹಲವಾರು ಪ್ರೇಕ್ಷಕರು ಗಾಯಗೊಂಡರು. ಕೊಡಗಿನ ಮೈದಾನಗಳ ಸುತ್ತ ಕಟ್ಟುವ ಗ್ಯಾಲರಿಗಳೂ ಅಂಥವೇ. ಇನ್ನು ಬಂದೂಕಿನ ವಿಷಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿಯಿಂದ ವಿನಾಯಿತಿ ಇದೆ. ಪರವಾನಗಿಯಿಂದ ವಿನಾಯಿತಿ ಇದ್ದ ಮಾತ್ರಕ್ಕೆ ಗುರಿ ತಪ್ಪಿದ ಗುಂಡಿನ ಹೊಣೆಯಿಂದ ವಿನಾಯಿತಿ ಸಿಗುವುದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದವರು ಊರಿಗೊಬ್ಬರಾದರೂ ಸಿಗುತ್ತಾರೆ.

ಹೊಣೆ ಹುಟ್ಟುವುದು ನಿರ್ಲಕ್ಷ್ಯದಿಂದ. ಜನರನ್ನು ಕರೆದವರು, ಸಾಮಾನ್ಯ ಬುದ್ಧಿಯ ಮನುಷ್ಯ ವಹಿಸುವಷ್ಟು ಎಚ್ಚರ ವಹಿಸಲಿಲ್ಲ, ಅದರಿಂದಲೇ ಪೆಟ್ಟಾಯಿತು ಎಂದು ತೋರಿಸಿದರೆ ನ್ಯಾಯಾಲಯ ಪರಿಹಾರ ಕೊಡಿಸುತ್ತದೆ. ಕರೆದವರು ಲಾಭ ಮಾಡಿದರೇ ಇಲ್ಲವೇ ಎಂಬುದು ಅಲ್ಲಿ ಬರುವುದಿಲ್ಲ. 1995ರ ಮೇ ತಿಂಗಳಲ್ಲಿ ಪಠಾಣ್‌ಕೋಟ್ ಬಳಿಯ ಶಾಲೆಯೊಂದರ 14 ಮಕ್ಕಳು ಪಿಕ್‌ನಿಕ್ಕಿಗೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿ ತೀರಿಕೊಂಡರು. ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಹೈಕೋರ್ಟ್ ಹೇಳಿದ್ದನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಕ್ಕಳನ್ನು ಕರೆದೊಯ್ದವರು ಹೆತ್ತವರಷ್ಟೇ ಎಚ್ಚರದಿಂದ ಇರಬೇಕು ಎಂಬುದು ಆ ತೀರ್ಪಿನ ಧೋರಣೆ. ಸಂಸಾರ ಸಮೇತ ಹೊಳೆದಂಡೆಯಲ್ಲಿ ಸೇರುವ ಸಂಘಗಳು ಈ ತೀರ್ಪನ್ನು ನೆನಪಿಡುವುದು ಒಳ್ಳೆಯದು.

ಹೊಣೆ ಯಾರ ಕೊರಳಿಗೆ ಎಂಬುದು ಸಂಘದ ಸ್ವರೂಪವನ್ನು ಅವಲಂಬಿಸುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿಸಿದ ಸಂಘಕ್ಕೆ ತನ್ನದೇ ಆದ ಕಾನೂನಿನ ಗುರುತಿದೆ. ಇಂಥ ಸಂಘದ ಮೇಲಿನ ತೀರ್ಪಿನ ಹಣವನ್ನು ಸಂಘದ ಆಸ್ತಿಯಿಂದ ವಸೂಲು ಮಾಡಬೇಕು, ಕಾರ್ಯದರ್ಶಿಯ ಮನೆ-ತೋಟದಿಂದಲ್ಲ ಎಂಬ ನಿಯಮ 1860ರ ಮೂಲ ಕಾಯಿದೆಯಷ್ಟು ಹಳೆಯದು. ಆದರೆ ಇಲ್ಲೊಂದು ಕಿಂಡಿ ಇದೆ. ಕಾರ್ಯದರ್ಶಿ ತಾನೇ ನಿಂತು ಸಡಿಲ ಗ್ಯಾಲರಿಗೆ ಜನರನ್ನು ಹತ್ತಿಸಿದ್ದರೆ ಅದು ಅವನ ಸ್ವಂತ ನಿರ್ಲಕ್ಷ್ಯ, ಅದಕ್ಕೆ ನೋಂದಣಿ ಪತ್ರ ಗುರಾಣಿಯಾಗದು. ನೋಂದಾಯಿಸದ ಬ್ಯಾಚಿಗಂತೂ ಆ ಗುರಾಣಿಯೇ ಇಲ್ಲ. ಅಲ್ಲಿ ಸಂಘವೆಂಬ ವ್ಯಕ್ತಿಯೇ ಇಲ್ಲದ್ದರಿಂದ ಮುಂದೆ ನಿಂತು ಏರ್ಪಾಡು ಮಾಡಿದವರೇ ಪ್ರತಿವಾದಿಗಳು. ಮೈದಾನ ಬಿಟ್ಟುಕೊಟ್ಟ ಶಾಲೆಯನ್ನೂ ದಾವೆಯಲ್ಲಿ ಸೇರಿಸಬಹುದು. ಆಗ ಹಳೆಯ ವಿದ್ಯಾರ್ಥಿಗಳು ತಾವು ಓದಿದ ಶಾಲೆಯ ಎದುರು ಪಕ್ಷದಲ್ಲಿ ನಿಲ್ಲುವ ಮುಜುಗರ. ಪಾಲಿಸಿಯಲ್ಲಿ ಶಾಲೆಯ ಹೆಸರನ್ನೂ ಜಂಟಿ ವಿಮಾದಾರನೆಂದು ಸೇರಿಸಿ, ಒಬ್ಬರ ವಿರುದ್ಧ ಒಬ್ಬರ ಹೊಣೆಯನ್ನೂ ಒಳಗೊಳ್ಳುವ ಷರತ್ತು ಹಾಕಿಸಿದರೆ ಆ ಮುಜುಗರ ಬಹಳ ಮಟ್ಟಿಗೆ ತಪ್ಪುತ್ತದೆ.

‘ಸ್ಪರ್ಧಿಗಳು ಸ್ವಂತ ಹೊಣೆಯ ಮೇಲೆ ಭಾಗವಹಿಸತಕ್ಕದ್ದು’ ಎಂದು ಕರಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸುವುದು ರೂಢಿ. ಅದರ ಬೆಲೆ ಅಲ್ಪ. ಹಾಕಿ ಆಡುವವನು ಚೆಂಡಿನ ಏಟನ್ನು ಒಪ್ಪಿಕೊಂಡೇ ಮೈದಾನಕ್ಕೆ ಇಳಿಯುತ್ತಾನೆ, ಅಷ್ಟರ ಮಟ್ಟಿಗೆ ಆ ಸಾಲಿಗೆ ಅರ್ಥವಿದೆ. ಗ್ಯಾಲರಿ ಮುರಿದು ಬೀಳುವುದನ್ನು ಯಾರೂ ಒಪ್ಪಿಕೊಂಡಿರುವುದಿಲ್ಲ. 18 ತುಂಬದವರ ಸಹಿಗಂತೂ ಕರಾರಿನ ಬೆಲೆಯೇ ಇಲ್ಲ. ಮಳೆ-ಗಾಳಿಯನ್ನು ದೈವಕೃತ್ಯವೆಂದು ತೋರಿಸಿ ಜಾರಿಕೊಳ್ಳುವುದೂ ಸುಲಭವಲ್ಲ. ಆಗಸ್ಟಿನಲ್ಲಿ ಭಾಗಮಂಡಲದ ಕಡೆ ಗಾಳಿಮಳೆ ಬರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಣಗಿದ ಸಿಲ್ವರ್ ಓಕ್ ಮರದ ಕೆಳಗೆ ಕುರ್ಚಿ ಹಾಕಿಸಿದವರು ದೇವರ ಮೇಲೆ ಹೊರೆ ಹೊರಿಸುವಂತಿಲ್ಲ.

ಎಷ್ಟು ಮೊತ್ತಕ್ಕೆ ವಿಮೆ ಬೇಕು ಎಂಬುದಕ್ಕೆ ಮೋಟಾರು ಅಪಘಾತದ ಲೆಕ್ಕವೇ ಒಳ್ಳೆಯ ಅಳತೆಗೋಲು. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಕ್ರಮ ಹೀಗೆ. 35 ವರ್ಷದ ಕಾಫಿ ವ್ಯಾಪಾರಿಯೊಬ್ಬನ ತಿಂಗಳ ಆದಾಯ 40,000 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 4.80 ಲಕ್ಷ. ಮುಂದೆ ಬೆಳೆಯಬಹುದಾದ ಆದಾಯಕ್ಕೆ ಶೇಕಡಾ 40 ಕೂಡಿಸಿದರೆ 6.72 ಲಕ್ಷ. ಹೆಂಡತಿ, ಇಬ್ಬರು ಮಕ್ಕಳು ಅವಲಂಬಿತರಾಗಿದ್ದರೆ ಅವನ ಸ್ವಂತ ಖರ್ಚಿಗೆಂದು ಮೂರನೆಯ ಒಂದು ಭಾಗ ಕಳೆದು 4.48 ಲಕ್ಷ. ಆ ವಯಸ್ಸಿಗೆ ನಿಗದಿಯಾದ ಗುಣಕ 16ರಿಂದ ಗುಣಿಸಿದರೆ 71.68 ಲಕ್ಷ. ಅಂತ್ಯಕ್ರಿಯೆಯ ಖರ್ಚು, ಬಡ್ಡಿ ಇವೆಲ್ಲ ಅದರ ಮೇಲೆ. ಮೋಟಾರಿನ ಆಚೆಗಿನ ಪ್ರಕರಣಗಳಲ್ಲಿ ನ್ಯಾಯಾಲಯ ಇದೇ ಸೂತ್ರಕ್ಕೆ ಅಂಟಿಕೊಳ್ಳಬೇಕೆಂದಿಲ್ಲ. 59 ಜನ ಸತ್ತ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ 20 ವರ್ಷ ದಾಟಿದವರಿಗೆ 10 ಲಕ್ಷ, ಅದಕ್ಕಿಂತ ಕಿರಿಯರಿಗೆ 7.5 ಲಕ್ಷ ಎಂದು ಏಕರೂಪದ ಮೊತ್ತ ನಿಗದಿ ಮಾಡಿತ್ತು. ಏನೇ ಆದರೂ 5 ಲಕ್ಷದ ಪಾಲಿಸಿ ಮಾಡಿಸಿ ಕಡತಕ್ಕೆ ಸೇರಿಸುವುದು ಕಾಗದಕ್ಕೆ ಖರ್ಚು ಮಾಡಿದಂತೆ. ಒಂದು ಕೋಟಿ ಎಂಬುದು ಆಡಂಬರವಲ್ಲ, ಒಬ್ಬ ಮನುಷ್ಯನ ಲೆಕ್ಕ.

ಪಾಲಿಸಿಯ ಹಾಳೆಯಲ್ಲಿ ಮೊತ್ತ ಎರಡು ಕಡೆ ಬರುತ್ತದೆ. ಯಾವುದೇ ಒಂದು ಅಪಘಾತಕ್ಕೆ ಕಂಪನಿ ಕೊಡುವ ಗರಿಷ್ಠ ಹಣ ಒಂದು, ಇಡೀ ವರ್ಷದಲ್ಲಿ ಎಲ್ಲ ಅಪಘಾತ ಸೇರಿ ಕೊಡುವ ಗರಿಷ್ಠ ಹಣ ಇನ್ನೊಂದು. ಎರಡರ ನಡುವಿನ ಪ್ರಮಾಣವನ್ನು ಮೊದಲೇ ಆರಿಸಿಕೊಳ್ಳಬೇಕು. ವಕೀಲರ ಖರ್ಚು ಸಾಮಾನ್ಯವಾಗಿ ಇದೇ ಮೊತ್ತದೊಳಗಿಂದ ಹೋಗುತ್ತದೆ. ಪ್ರತಿ ಪರಿಹಾರದಲ್ಲಿ ಆರಂಭದ ಒಂದಿಷ್ಟು ಹಣವನ್ನು ಸಂಘವೇ ಭರಿಸಬೇಕಾದ ಷರತ್ತೂ ಇರುತ್ತದೆ. ಮೂಲ ಪಾಲಿಸಿ ಬರಿಯ ಎಲುಬುಗೂಡು. ಊಟ-ತಿಂಡಿಯಿಂದಾಗುವ ತೊಂದರೆ, ಕ್ರೀಡಾ ಸೌಲಭ್ಯಗಳಿಂದಾಗುವ ಪೆಟ್ಟು, ಪ್ರಕೃತಿ ವಿಕೋಪದಿಂದ ಹುಟ್ಟುವ ಹೊಣೆ ಇವೆಲ್ಲ ಪ್ರತ್ಯೇಕವಾಗಿ ಕೇಳಿ, ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳಬೇಕಾದ ವಿಸ್ತರಣೆಗಳು. ಕೊಡಗಿನ ಸಂಘವೊಂದು ಈ ಮೂರನ್ನೂ ಬಿಟ್ಟು ಪಾಲಿಸಿ ಕೊಂಡರೆ ಮಳೆಗಾಲದಲ್ಲಿ ಕೊಡೆ ಮನೆಯಲ್ಲಿಟ್ಟು ಹೊರಟಂತೆ. ಗುಂಡು ಹೊಡೆಯುವ ಸ್ಪರ್ಧೆ ಇದ್ದರೆ ಅರ್ಜಿಯಲ್ಲಿ ಬರೆದು ಕಂಪನಿ ಒಪ್ಪಿದೆಯೆಂದು ಲಿಖಿತವಾಗಿ ಪಡೆಯಲೇಬೇಕು. ಮುಚ್ಚಿಟ್ಟ ಸಂಗತಿಯೊಂದೇ ಸಾಕು, ಪರಿಹಾರ ನಿರಾಕರಿಸಲು ಕಂಪನಿಗೆ ಕಾರಣ ಸಿಗುತ್ತದೆ. ಮದ್ಯ ಹಂಚುವುದಾದರೆ ಅಬಕಾರಿ ಇಲಾಖೆಯ ಸಾಂದರ್ಭಿಕ ಪರವಾನಗಿ ಸಿಎಲ್-5 ಇರಬೇಕು. ಅದಿಲ್ಲದ ಕೂಟ ಮೊದಲೇ ಕಾನೂನುಬಾಹಿರ, ಅದರ ಪರವಾಗಿ ಯಾವ ಕಂಪನಿಯೂ ವಾದಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಕಲ್ಲು ಬೇರೆಯೇ ಇದೆ. ಭಾರತದಲ್ಲಿ ಮಾರಾಟವಾಗುವ ಈ ಪಾಲಿಸಿಗಳು ಬಹುಮಟ್ಟಿಗೆ ದಾವೆ ಬಂದ ದಿನದ ಲೆಕ್ಕದವು. ಅಪಘಾತ ಪಾಲಿಸಿಯ ಅವಧಿಯಲ್ಲಿ ಆದರೆ ಸಾಲದು, ಪರಿಹಾರದ ಬೇಡಿಕೆಯೂ ಆ ಅವಧಿಯಲ್ಲೇ ಬರಬೇಕು. ಮೃತರ ಕುಟುಂಬದವರು 1855ರ ಮಾರಕ ಅಪಘಾತ ಕಾಯಿದೆಯಡಿ ದಾವೆ ಹೂಡಲು ಕಾಲಮಿತಿ ಕಾಯಿದೆ ಎರಡು ವರ್ಷ ಕೊಡುತ್ತದೆ. ಡಿಸೆಂಬರಿನ ಸಮ್ಮಿಲನಕ್ಕೆಂದು ಒಂದು ವರ್ಷದ ಪಾಲಿಸಿ ಮಾಡಿಸಿ, ಮಾರನೆಯ ವರ್ಷ ಹೊಸ ಪದಾಧಿಕಾರಿಗಳು ದುಡ್ಡು ದಂಡವೆಂದು ಅದನ್ನು ನವೀಕರಿಸದೆ ಬಿಟ್ಟರೆ, ಹದಿನೆಂಟನೆಯ ತಿಂಗಳಲ್ಲಿ ಬಂದ ನೋಟಿಸಿಗೆ ಉತ್ತರಿಸುವ ಕಂಪನಿ ಇರುವುದಿಲ್ಲ. ಪಾಲಿಸಿಯನ್ನು ವರ್ಷ ವರ್ಷ ತುಂಡಾಗದಂತೆ ಮುಂದುವರಿಸುವುದು, ಮೊದಲ ಪಾಲಿಸಿಯ ದಿನಾಂಕವನ್ನೇ ಪೂರ್ವಾನ್ವಯದ ದಿನಾಂಕವೆಂದು ಪ್ರತಿ ನವೀಕರಣದಲ್ಲೂ ಬರೆಸುವುದು, ಇಲ್ಲವೇ ಅವಧಿ ಮುಗಿದ ಮೇಲೂ ವರದಿ ಮಾಡಲು ಹೆಚ್ಚಿನ ಕಾಲ ಕೊಳ್ಳುವುದು ಇದಕ್ಕೆ ಮದ್ದು. ಸಂಘದ ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಹೊಣೆ ಬದಲಾಗುವುದಿಲ್ಲ. ಲೆಕ್ಕಪುಸ್ತಕದ ಜೊತೆಗೆ ಪಾಲಿಸಿಯ ಕಡತವನ್ನೂ ಕೈಯಿಂದ ಕೈಗೆ ದಾಟಿಸದ ಸಂಘಕ್ಕೆ ವಿಮೆ ಇದ್ದೂ ಇಲ್ಲದಂತೆ.

ಈ ಪಾಲಿಸಿ ಮುಟ್ಟದ ಜಾಗಗಳೂ ಇವೆ. ಸಂಘ ಕೂಲಿಗೆ ಕರೆದ ಕೆಲಸಗಾರ ಕಂಬದಿಂದ ಬಿದ್ದರೆ ಅದು ಮಾಲೀಕನ ಹೊಣೆ, ಅದಕ್ಕೆ 1923ರ ಪರಿಹಾರ ಕಾಯಿದೆಯ ಕಾಲದಿಂದಲೂ ಬೇರೆ ವಿಮೆ ಇದೆ. ವಾಹನದ ಅಪಘಾತ ವಾಹನದ ವಿಮೆಗೆ ಸೇರಿದ್ದು. ಖಜಾಂಚಿ ಹಣ ನುಂಗಿದರೆ ಅದಕ್ಕೆ ನಿಷ್ಠಾ ಖಾತರಿ ವಿಮೆ ಬೇಕು. ಆಟಗಾರನ ಮುರಿದ ಕಾಲಿಗೆ ಯಾರ ನಿರ್ಲಕ್ಷ್ಯವೂ ಕಾರಣವಲ್ಲದಿದ್ದರೆ ಹೊಣೆಗಾರಿಕೆ ವಿಮೆಯಿಂದ ಬಿಡಿಗಾಸೂ ಬಾರದು, ಅವನಿಗೆ ಬೇಕಾದದ್ದು ಗುಂಪು ವೈಯಕ್ತಿಕ ಅಪಘಾತ ವಿಮೆ. ದಂಡ, ಜೈಲು ಇವಕ್ಕೆ ವಿಮೆಯೇ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದವರಿಗೆ ಐದು ವರ್ಷಗಳವರೆಗೆ ಶಿಕ್ಷೆ ಹೇಳುತ್ತದೆ. ಹಿಂದಿನ ದಂಡಸಂಹಿತೆಯಲ್ಲಿ ಅದು ಎರಡು ವರ್ಷ ಇತ್ತು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯ ಹೆಸರು ಕೇಳಿ ಇದು ಕಡ್ಡಾಯವೆಂದು ತಿಳಿಯುವವರಿದ್ದಾರೆ. ಭೋಪಾಲ ದುರಂತದ ನಂತರ ಬಂದ ಆ ಕಾಯಿದೆ ಅಪಾಯಕಾರಿ ವಸ್ತುಗಳನ್ನು ಬಳಸುವ ಉದ್ಯಮಗಳಿಗೆ ಮಾತ್ರ. ಸಂಘಗಳ ಮೇಲೆ ಅಂಥ ಒತ್ತಾಯವಿಲ್ಲ.

ಒತ್ತಾಯವಿಲ್ಲದೆಯೂ ಕೊಂಡವರ ಉದಾಹರಣೆ ಬೇಕಾದರೆ ಮುಂಬೈಯ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಸೇವಾ ಮಂಡಲವನ್ನು ನೋಡಬಹುದು. ಗೌಡ ಸಾರಸ್ವತ ಸಮುದಾಯದ ಈ ಮಂಡಲ 2023ರ ಗಣೇಶೋತ್ಸವಕ್ಕೆ 360.40 ಕೋಟಿ ರೂಪಾಯಿಯ ವಿಮೆ ಮಾಡಿಸಿ ಸುದ್ದಿಯಾಯಿತು. ಪತ್ರಿಕೆಗಳು ಚಿನ್ನದ ಬಗ್ಗೆಯೇ ಬರೆದವು. ವಾಸ್ತವದಲ್ಲಿ ಚಿನ್ನ-ಬೆಳ್ಳಿಯ ಪಾಲು 38.47 ಕೋಟಿ ಮಾತ್ರ. 289.50 ಕೋಟಿ ಸ್ವಯಂಸೇವಕರು, ಅರ್ಚಕರು, ಅಡುಗೆಯವರು, ಚಪ್ಪಲಿ ಕಾಯುವವರು ಇವರ ಅಪಘಾತ ವಿಮೆ. ಭಕ್ತರಿಗಾಗಿ ಸಾರ್ವಜನಿಕ ಹೊಣೆಗಾರಿಕೆಗೆ 30 ಕೋಟಿ. ಮನುಷ್ಯರನ್ನು ಲೋಹಕ್ಕಿಂತ ಮೇಲಿಟ್ಟ ಆ ವಿಂಗಡಣೆ ಅನುಕರಣೆಗೆ ಯೋಗ್ಯ.

ಕೊಡಗಿನಲ್ಲಿ ಗಾತ್ರದ ದೃಷ್ಟಿಯಿಂದ ಅದಕ್ಕೆ ಹತ್ತಿರ ಬರುವುದು ಕೊಡವ ಕೌಟುಂಬಿಕ ಹಾಕಿ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಆರಂಭಿಸಿದಾಗ 60 ಕುಟುಂಬಗಳ ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಪ್ರತಿ ವರ್ಷ ಬೇರೆ ಬೇರೆ ಒಕ್ಕ, ಅಂದರೆ ಕುಟುಂಬ, ಆತಿಥ್ಯ ವಹಿಸುವುದು ಇದರ ಸೊಗಸು. ವಿಮೆಯ ಕಣ್ಣಿನಿಂದ ನೋಡಿದರೆ ಅದೇ ಇದರ ತೊಡಕು ಕೂಡ. ಆಯೋಜಕರು ವರ್ಷಕ್ಕೊಮ್ಮೆ ಬದಲಾದರೆ ಪಾಲಿಸಿಯ ನಿರಂತರತೆ ತಪ್ಪುತ್ತದೆ. ಅಮೆರಿಕದ ಕೂಟಗಳು 1987ರಲ್ಲಿ ಮಾಡಿದಂತೆ ಕುಟುಂಬಗಳು, ಸಮಾಜಗಳು, ಹಳೆಯ ವಿದ್ಯಾರ್ಥಿ ಸಂಘಗಳು ಒಂದು ಶಾಶ್ವತ ಮಂಡಳಿಯ ಹೆಸರಿನಲ್ಲಿ ಒಟ್ಟಾಗಿ ವಿಮೆ ಕೊಂಡರೆ ತೊಡಕು ನೀಗುತ್ತದೆ, ದರವನ್ನೂ ಚೌಕಾಸಿ ಮಾಡಬಹುದು.

ಅಪಘಾತವಾದ ಮೇಲಿನ ನಡವಳಿಕೆಯಲ್ಲಿ ಕೊಡಗಿನ ಮರ್ಯಾದೆಗೂ ಪಾಲಿಸಿಯ ಷರತ್ತಿಗೂ ತಿಕ್ಕಾಟ ಬರುತ್ತದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಪರಿಹಾರದ ಭರವಸೆ ಕೊಡಬಾರದು ಎನ್ನುತ್ತದೆ ಪಾಲಿಸಿ. ಊರಿನ ರೀತಿ ಅದಲ್ಲ. ಅಧ್ಯಕ್ಷರು ಆಸ್ಪತ್ರೆಯ ಬಾಗಿಲಲ್ಲೇ ‘ಎಲ್ಲ ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂದುಬಿಡುತ್ತಾರೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ರಕ್ತ ಕೊಡುವುದು, ಸದಸ್ಯರು ತಮ್ಮ ಕೈಯಿಂದ ಹಣ ಕೂಡಿಸಿ ಕೊಡುವುದು ಯಾವುದಕ್ಕೂ ಪಾಲಿಸಿ ಅಡ್ಡಿಯಲ್ಲ. ಸಂಘದ ಲೆಟರ್‌ಹೆಡ್ಡಿನಲ್ಲಿ ಮೊತ್ತ ಬರೆದು ಸಹಿ ಹಾಕುವುದಕ್ಕೆ ಅಡ್ಡಿ. ಘಟನೆಯ ದಿನವೇ ಕಂಪನಿಗೆ ಲಿಖಿತವಾಗಿ ತಿಳಿಸಬೇಕು, ಸ್ಥಳದ ಫೋಟೊ, ಸಾಕ್ಷಿಗಳ ಹೆಸರು, ಶಾಮಿಯಾನದವರ ಬಿಲ್ಲು ಎತ್ತಿಡಬೇಕು. ನೋಟಿಸು ಬರಲಿ, ಆಮೇಲೆ ನೋಡೋಣ ಎಂದು ಕಾಯುವುದು ದೊಡ್ಡ ತಪ್ಪು.

ಕಂಪನಿ ಪರಿಹಾರ ನಿರಾಕರಿಸಿದರೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ವ್ಯಕ್ತಿ’ ಎಂಬ ಪದದೊಳಗೆ ಜನರ ಕೂಟವೂ ಸೇರುತ್ತದೆ, ಅದು ನೋಂದಣಿಯಾಗಿದ್ದರೂ ಸರಿ, ಆಗದಿದ್ದರೂ ಸರಿ. ದೂರು ಸಲ್ಲಿಸಲು ಇರುವ ಅವಧಿ, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ.